ಡಾಮಿನೊ ಸರ್ವರಿನ ನಿರ್ವಹಣೆ

ಸಂಸ್ಥೆಯೊಂದರ ಇಮೇಲ್, ಕ್ಯಾಲೆಂಡರ್, ಹಂಚಿಕೆಯ ದಾಖಲೆಗಳು ಮತ್ತು ಮಂಜೂರಾತಿಗಾಗಿ ಒಬ್ಬರಿಂದೊಬ್ಬರಿಗೆ ಸಾಗುವ ಕಚೇರಿ ಕಾಗದಪತ್ರಗಳು, ಇವೆಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ನಡೆಸುವ ಸರ್ವರ್ ತಂತ್ರಾಂಶಕ್ಕೆ ಡಾಮಿನೊ ಎಂದು ಹೆಸರು. ಬಳಕೆದಾರರು ತಮ್ಮ ಕಂಪ್ಯೂಟರಿನಲ್ಲಿ ತೆರೆಯುವ ಅದರ ಜೋಡಿ ತಂತ್ರಾಂಶ ನೋಟ್ಸ್. ಹಲವರು ಕೂಡಿ ಮಾಡುವ ಕೆಲಸಕ್ಕೆ ಆಧಾರವಾಗುವ ಇಂಥ ಸಹಯೋಗ ಸರ್ವರುಗಳ ಪೈಕಿ ಡಾಮಿನೊ ಬಹಳ ಹಳೆಯದು. ಅದರ ನಿರ್ವಾಹಕರು ದಿನವೂ ವಾರವೂ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅವು ಸಣ್ಣವೇ. ಆದರೆ ಅಳಿಸಿದ್ದನ್ನು ಎಷ್ಟು ದಿನ ನೆನಪಿಡಬೇಕು, ಬ್ಯಾಕಪ್ ಎಷ್ಟು ದಿನ ಹಿಂದಿನದಿರಬಹುದು, ಹೆಸರು ಬದಲಾವಣೆಗೆ ಎಷ್ಟು ದಿನ ಕಾಯಬೇಕು ಎಂಬಂಥ ಅವಧಿಗಳು ಒಂದನ್ನೊಂದು ನೆಚ್ಚಿಕೊಂಡಿರುವುದರಿಂದ, ಇವುಗಳಲ್ಲಿ ಯಾವುದು ಯಾವುದಕ್ಕಿಂತ ಉದ್ದವಾಗಿರಬೇಕು ಎಂದು ನಿರ್ಧರಿಸಿ ಅದನ್ನು ಕಾಯ್ದುಕೊಂಡು ಹೋಗುವುದೇ ಈ ನಿರ್ವಹಣೆಯ ತಿರುಳಾಗಿದೆ.

ಹಿನ್ನೆಲೆ

ಡಾಮಿನೊದ ಮೂಲವನ್ನು ಹುಡುಕಿ ಹೊರಟರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ ಸಿಗುತ್ತದೆ. ಅಲ್ಲಿ 1973ರಲ್ಲಿ ಡೇವಿಡ್ ವೂಲಿ ರಚಿಸಿದ ಪ್ಲೇಟೊ ನೋಟ್ಸ್ ಎಂಬ ಟಿಪ್ಪಣಿ ಮತ್ತು ಚರ್ಚೆಯ ಸೌಲಭ್ಯವನ್ನು ವಿದ್ಯಾರ್ಥಿಯಾಗಿದ್ದಾಗ ಕಂಡಿದ್ದ ರೇ ಓಝಿ, 1984ರಲ್ಲಿ ಲೋಟಸ್ ಕಂಪನಿಯ ಹಣದ ಬೆಂಬಲದಿಂದ ಐರಿಸ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಅದೇ ಕಲ್ಪನೆಯನ್ನು ಪರ್ಸನಲ್ ಕಂಪ್ಯೂಟರುಗಳ ಜಾಲಕ್ಕೆ ಒಗ್ಗಿಸಿದರು. ಲೋಟಸ್ ನೋಟ್ಸಿನ ಮೊದಲ ಆವೃತ್ತಿ 1989ರ ಡಿಸೆಂಬರಿನಲ್ಲಿ ಹೊರಬಂದಿತು. 1995ರಲ್ಲಿ ಐಬಿಎಂ ಸುಮಾರು 350 ಕೋಟಿ ಡಾಲರ್ ಕೊಟ್ಟು ಲೋಟಸನ್ನು ಕೊಂಡುಕೊಂಡ ಮೇಲೆ, 1996ರ ಕೊನೆಗೆ ಬಂದ 4.5ನೆಯ ಆವೃತ್ತಿಯಿಂದ ಸರ್ವರಿಗೆ ಡಾಮಿನೊ ಎಂಬ ಹೆಸರಾಯಿತು. ಭಾರತದ ಎಚ್‌ಸಿಎಲ್ ಟೆಕ್ನಾಲಜೀಸ್ ಕಂಪನಿ ಡಾಮಿನೊವನ್ನೂ ಐಬಿಎಂನ ಇನ್ನು ಕೆಲವು ತಂತ್ರಾಂಶಗಳನ್ನೂ ಸೇರಿಸಿ 180 ಕೋಟಿ ಡಾಲರಿಗೆ ಕೊಳ್ಳುವುದಾಗಿ 2018ರ ಡಿಸೆಂಬರಿನಲ್ಲಿ ಪ್ರಕಟಿಸಿತು. ವ್ಯವಹಾರ 2019ರ ನಡುಭಾಗದಲ್ಲಿ ಮುಗಿಯಿತು.

ನಿರ್ವಹಣೆಯ ವಿಷಯದಲ್ಲಿ ಈ ಇತಿಹಾಸದಿಂದ ತಿಳಿಯಬೇಕಾದುದು ಒಂದೇ ಅಂಶ. ನೋಟ್ಸ್ ಹುಟ್ಟಿದ ಕಾಲಕ್ಕೆ ಎರಡು ಊರುಗಳ ಕಚೇರಿಗಳ ನಡುವೆ ಸದಾ ತೆರೆದಿರುವ ಸಂಪರ್ಕವಿರಲಿಲ್ಲ. ಟೆಲಿಫೋನ್ ತಂತಿಯ ಮೇಲೆ ಮೋಡೆಮ್ ಮೂಲಕ ಆಗೊಮ್ಮೆ ಈಗೊಮ್ಮೆ ಒಂದು ಸರ್ವರ್ ಇನ್ನೊಂದನ್ನು ಕರೆದು, ಹಿಂದಿನ ಸಲದ ಬಳಿಕ ಬದಲಾದದ್ದನ್ನು ಮಾತ್ರ ಕೊಟ್ಟು ತೆಗೆದುಕೊಂಡು ಫೋನ್ ಇಡುತ್ತಿತ್ತು. ಹಾಗಾಗಿ ಪ್ರತಿ ಸರ್ವರಿನಲ್ಲಿರುವ ಪ್ರತಿಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು, ಬದಲಾವಣೆಯನ್ನು ಎಲ್ಲಿ ಬೇಕಾದರೂ ಮಾಡಬಹುದು, ಎಲ್ಲ ಪ್ರತಿಗಳೂ ಇಂದಲ್ಲ ನಾಳೆ ಒಂದಾಗುತ್ತವೆ ಎಂಬ ನಿಯಮಗಳು ಅದರ ತಳಪಾಯದಲ್ಲೇ ಸೇರಿಹೋದವು. ಜಾಲಗಳು ವೇಗವಾದ ಮೇಲೂ ಆ ತಳಪಾಯ ಬದಲಾಗಲಿಲ್ಲ. ಇಂದಿನ ನಿರ್ವಾಹಕರು ಎದುರಿಸುವ ತೊಡಕುಗಳಲ್ಲಿ ಅನೇಕವು ಆ ಮೋಡೆಮ್ ಕಾಲದ ವಿನ್ಯಾಸದ ಫಲಗಳೇ.

ಡೇಟಾಬೇಸ್ ಮತ್ತು ರಾತ್ರಿಪಾಳಿಯ ಕೆಲಸಗಳು

ಡಾಮಿನೊದಲ್ಲಿ ಹೆಚ್ಚುಕಡಿಮೆ ಎಲ್ಲವೂ ಎನ್‌ಎಸ್‌ಎಫ್ ಎಂಬ ಒಂದೇ ಬಗೆಯ ಡೇಟಾಬೇಸ್ ಕಡತದಲ್ಲಿ ಇರುತ್ತದೆ. ಒಬ್ಬೊಬ್ಬರ ಅಂಚೆಗೂ ಒಂದೊಂದು ಡೇಟಾಬೇಸ್. ಸಂಸ್ಥೆಯ ಎಲ್ಲ ವ್ಯಕ್ತಿಗಳು, ಗುಂಪುಗಳು, ಸರ್ವರುಗಳ ವಿವರವಿರುವ ಡೈರೆಕ್ಟರಿ ಒಂದು ಡೇಟಾಬೇಸ್. ಸರ್ವರಿನ ದಿನಚರಿಯಾದ ಲಾಗ್ ಇನ್ನೊಂದು. ರವಾನೆಗಾಗಿ ಕಾದಿರುವ ಪತ್ರಗಳು ಮತ್ತೊಂದರಲ್ಲಿ. ಒಂದು ಡೇಟಾಬೇಸನ್ನು ಸುಸ್ಥಿತಿಯಲ್ಲಿಡಲು ಕಲಿತವರಿಗೆ ಎಲ್ಲವನ್ನೂ ಸುಸ್ಥಿತಿಯಲ್ಲಿಡುವ ದಾರಿ ಸಿಕ್ಕಂತಾಗುವುದು ಈ ಏಕರೂಪದ ಲಾಭ. ನಷ್ಟವೂ ಅಲ್ಲಿಯೇ ಇದೆ: ಡೈರೆಕ್ಟರಿಯ ಕಡತ ಕೆಟ್ಟರೆ ಸರ್ವರಿಗೆ ತನ್ನ ಗುರುತೇ ಸಿಗದ ಸ್ಥಿತಿ ಬರುತ್ತದೆ.

ಈ ಕಡತಗಳನ್ನು ಕಾಯುವ ಮೂರು ಮುಖ್ಯ ಕಾರ್ಯಕ್ರಮಗಳಿಗೆ ಫಿಕ್ಸಪ್, ಅಪ್ಡಾಲ್, ಕಾಂಪ್ಯಾಕ್ಟ್ ಎಂದು ಹೆಸರು. ಸರ್ವರ್ ಹಠಾತ್ತಾಗಿ ನಿಂತಾಗ ಅರ್ಧಕ್ಕೆ ಬರೆಯಲಾದ ದಾಖಲೆಗಳನ್ನು ಹುಡುಕಿ ಸರಿಪಡಿಸುವುದು, ಸಾಧ್ಯವಾಗದಿದ್ದರೆ ಅವನ್ನು ತೆಗೆದುಹಾಕುವುದು ಫಿಕ್ಸಪ್‌ನ ಕೆಲಸ. ದಾಖಲೆಗಳನ್ನು ದಿನಾಂಕದಂತೆಯೋ ಹೆಸರಿನಂತೆಯೋ ಸಾಲಾಗಿ ತೋರಿಸುವ ಪಟ್ಟಿಗೆ ನೋಟ್ಸಿನಲ್ಲಿ ವ್ಯೂ ಎನ್ನುತ್ತಾರೆ. ಆ ವ್ಯೂಗಳ ಸೂಚಿಗಳನ್ನು ಹೊಸದಾಗಿಸುವುದು, 45 ದಿನ ಯಾರೂ ತೆರೆಯದ ಸೂಚಿಗಳನ್ನು ಎಸೆಯುವುದು ಅಪ್ಡಾಲ್‌ನ ಹೊಣೆ. ಕಾಂಪ್ಯಾಕ್ಟ್ ಅಳಿಸಿದ ದಾಖಲೆಗಳು ಬಿಟ್ಟುಹೋದ ಖಾಲಿ ಜಾಗವನ್ನು ಮರಳಿ ಬಳಕೆಗೆ ತರುತ್ತದೆ. ಸರ್ವರಿನ ಸಂರಚನಾ ಕಡತವಾದ ನೋಟ್ಸ್ ಡಾಟ್ ಐಎನ್‌ಐಯಲ್ಲಿ ಮೊದಲಿನಿಂದಲೇ ಬರೆದಿರುವ ವೇಳಾಪಟ್ಟಿಯಂತೆ ರಾತ್ರಿ 1 ಗಂಟೆಗೆ ಡೇಟಾಬೇಸುಗಳ ಪಟ್ಟಿ ತಯಾರಿಸುವ ಕ್ಯಾಟಲಾಗ್ ಮತ್ತು ವಿನ್ಯಾಸ ಹೊಸದಾಗಿಸುವ ಡಿಸೈನ್, 2 ಗಂಟೆಗೆ ಅಪ್ಡಾಲ್, 5 ಗಂಟೆಗೆ ಬಳಕೆಯ ಅಂಕಿಅಂಶ ಬರೆದಿಡುವ ಸ್ಟ್ಯಾಟ್‌ಲಾಗ್ ಓಡುತ್ತವೆ. ಕಾಂಪ್ಯಾಕ್ಟ್ ಆ ಪಟ್ಟಿಯಲ್ಲಿಲ್ಲ. ಅದನ್ನು ಯಾವ ವಾರ, ಯಾವ ಹೊತ್ತಿಗೆ ನಡೆಸಬೇಕೆಂಬುದನ್ನು ನಿರ್ವಾಹಕರಿಗೇ ಬಿಡಲಾಗಿದೆ.

ಡಿಸೈನ್ ಕಾರ್ಯಕ್ರಮದ ಬಗ್ಗೆ ಹೊಸಬರಿಗೆ ಮೊದಲೇ ಹೇಳಿಕೊಡುವುದು ಒಳ್ಳೆಯದು. ಟೆಂಪ್ಲೇಟ್ ಎಂಬ ಮಾದರಿ ಕಡತದಲ್ಲಿರುವ ವಿನ್ಯಾಸವನ್ನು ಅದು ಪ್ರತಿ ರಾತ್ರಿ ಆ ಮಾದರಿಗೆ ಕಟ್ಟುಬಿದ್ದಿರುವ ಎಲ್ಲ ಡೇಟಾಬೇಸುಗಳಿಗೂ ಹೇರುತ್ತದೆ. ಹಗಲಲ್ಲಿ ಯಾರಾದರೂ ಬಳಕೆಯಲ್ಲಿರುವ ಡೇಟಾಬೇಸಿನ ಅರ್ಜಿ ನಮೂನೆಯನ್ನೇ ನೇರವಾಗಿ ತಿದ್ದಿ, ಮಾದರಿಯನ್ನು ತಿದ್ದಲು ಮರೆತರೆ, ಮರುದಿನ ಬೆಳಗ್ಗೆ ಆ ತಿದ್ದುಪಡಿ ಮಾಯವಾಗಿರುತ್ತದೆ. ಸರ್ವರ್ ಇಲ್ಲಿ ತಪ್ಪೇನೂ ಮಾಡಿರುವುದಿಲ್ಲ. ದೂರು ಮಾತ್ರ ಅದರ ಮೇಲೆಯೇ ಬರುತ್ತದೆ.

ಕಾಂಪ್ಯಾಕ್ಟ್ ಮೂರು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಖಾಲಿ ಜಾಗ ಮರುಬಳಕೆಗೆ ಸಿದ್ಧವಾಗುತ್ತದೆ, ಕಡತದ ಗಾತ್ರ ಕುಗ್ಗುವುದಿಲ್ಲ. ಎರಡನೆಯದರಲ್ಲಿ ಗಾತ್ರವೂ ಕುಗ್ಗುತ್ತದೆ. ಮೂರನೆಯದರಲ್ಲಿ ಇಡೀ ಡೇಟಾಬೇಸಿನ ಹೊಸ ಪ್ರತಿಯನ್ನು ಪಕ್ಕದಲ್ಲಿ ಕಟ್ಟಿ ಹಳೆಯದನ್ನು ಅಳಿಸಲಾಗುತ್ತದೆಯಾದ್ದರಿಂದ ಆ ಹೊತ್ತಿನಲ್ಲಿ ಡಿಸ್ಕಿನಲ್ಲಿ ಅಷ್ಟೇ ಹೆಚ್ಚುವರಿ ಜಾಗ ಬೇಕು. ಕೊನೆಯ ಎರಡು ಬಗೆಗಳು ಡೇಟಾಬೇಸಿಗೆ ಹೊಸ ಆಂತರಿಕ ಗುರುತು ಸಂಖ್ಯೆಯನ್ನು ಕೊಡುತ್ತವೆ. ಇದರ ಪರಿಣಾಮ ಬ್ಯಾಕಪ್‌ವರೆಗೂ ಹೋಗುತ್ತದೆ.

1999ರ 5ನೆಯ ಆವೃತ್ತಿಯಲ್ಲಿ ಬಂದ ವಹಿವಾಟು ಲಾಗ್ ಎಂಬ ಸೌಲಭ್ಯದಲ್ಲಿ ಪ್ರತಿ ಬದಲಾವಣೆಯನ್ನೂ ಮೊದಲು ಸಾಲಾಗಿ ಒಂದು ಲಾಗ್ ಕಡತಕ್ಕೆ ಬರೆದು, ಆ ಮೇಲೆ ನಿಧಾನವಾಗಿ ಡೇಟಾಬೇಸಿಗೆ ಇಳಿಸಲಾಗುತ್ತದೆ. ಸರ್ವರ್ ಕುಸಿದರೆ ಸಾವಿರಾರು ಕಡತಗಳನ್ನು ಒಂದೊಂದಾಗಿ ಫಿಕ್ಸಪ್ ಮಾಡುವ ಬದಲು ಲಾಗ್‌ನ ಕೊನೆಯ ಭಾಗವನ್ನು ಮರಳಿ ಓಡಿಸಿದರೆ ಸಾಕು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಐಬಿಎಂನಲ್ಲಿ ಸಿ. ಮೋಹನ್ ಮತ್ತು ಸಂಗಡಿಗರು ದೊಡ್ಡ ಡೇಟಾಬೇಸುಗಳಿಗಾಗಿ ರೂಪಿಸಿದ್ದ ಏರೀಸ್ ಎಂಬ ಚೇತರಿಕೆ ವಿಧಾನವೇ ಇದರ ಬೆನ್ನೆಲುಬು. ಲಾಗ್ ಬರಹಗಳನ್ನು ಡೇಟಾಬೇಸಿನ ಆಂತರಿಕ ಗುರುತು ಸಂಖ್ಯೆಯ ಆಧಾರದಲ್ಲಿ ಜೋಡಿಸಲಾಗುತ್ತದೆ. ಹೀಗಾಗಿ ಭಾನುವಾರ ರಾತ್ರಿ ಪೂರ್ಣ ಬ್ಯಾಕಪ್ ತೆಗೆದು ಸೋಮವಾರ ಬೆಳಗಿನ ಜಾವ ಗಾತ್ರ ಕುಗ್ಗಿಸುವ ಕಾಂಪ್ಯಾಕ್ಟ್ ನಡೆಸಿದರೆ, ಗುರುತು ಬದಲಾಗಿ, ಆ ಬಳಿಕದ ಲಾಗ್ ಬರಹಗಳನ್ನು ಭಾನುವಾರದ ಬ್ಯಾಕಪ್ ಮೇಲೆ ಹೂಡಲು ಬರುವುದಿಲ್ಲ; ಮುಂದಿನ ಪೂರ್ಣ ಬ್ಯಾಕಪ್ ಆಗುವವರೆಗೂ ಆ ಡೇಟಾಬೇಸ್ ರಕ್ಷಣೆಯಿಲ್ಲದೆ ಇರುತ್ತದೆ. ಕ್ರಮ ಹಿಂದುಮುಂದಾದದ್ದು ಯಾವ ಪರದೆಯ ಮೇಲೂ ಕೆಂಪು ಅಕ್ಷರದಲ್ಲಿ ಕಾಣಿಸದು. ಕಾಂಪ್ಯಾಕ್ಟ್ ಮೊದಲು, ಪೂರ್ಣ ಬ್ಯಾಕಪ್ ನಂತರ ಎಂಬುದು ಈ ಕಾರಣಕ್ಕೆ ಹುಟ್ಟಿದ ನಿಯಮ. 2013ರ 9ನೆಯ ಆವೃತ್ತಿಯಲ್ಲಿ ಬಂದ ಡಿಬಿಎಂಟಿ ಎಂಬ ಸಾಧನ ಈ ಬಿಡಿ ಕೆಲಸಗಳನ್ನು ಒಂದೇ ಸರಣಿಯಲ್ಲಿ, ನಿಗದಿಯಾದ ಹೊತ್ತಿನೊಳಗೆ ನಡೆಸಿಕೊಡುತ್ತದೆ.

ಪ್ರತಿಗಳು ಮತ್ತು ಅಳಿಸುವಿಕೆ

ಒಂದೇ ಡೇಟಾಬೇಸಿನ ಹಲವು ಪ್ರತಿಗಳನ್ನು ಬೇರೆ ಬೇರೆ ಸರ್ವರುಗಳಲ್ಲಿಯೂ ಬಳಕೆದಾರರ ಲ್ಯಾಪ್‌ಟಾಪುಗಳಲ್ಲಿಯೂ ಇರಿಸಿ, ಅವುಗಳ ನಡುವಿನ ವ್ಯತ್ಯಾಸವನ್ನು ಆಗಾಗ ಸರಿದೂಗಿಸುವ ಕ್ರಿಯೆಗೆ ರೆಪ್ಲಿಕೇಶನ್ ಎನ್ನುತ್ತಾರೆ. ಪ್ರತಿ ದಾಖಲೆಗೂ ಎಲ್ಲ ಪ್ರತಿಗಳಲ್ಲಿ ಒಂದೇ ಆಗಿರುವ ಗುರುತು ಸಂಖ್ಯೆಯೂ, ತಿದ್ದಿದಂತೆಲ್ಲ ಏರುವ ಕ್ರಮಸಂಖ್ಯೆಯೂ ಇರುತ್ತವೆ. ಒಂದೇ ದಾಖಲೆಯನ್ನು ಇಬ್ಬರು ಎರಡು ಕಡೆ ತಿದ್ದಿದ್ದರೆ ಹೆಚ್ಚು ಸಲ ತಿದ್ದಲ್ಪಟ್ಟದ್ದು ಗೆಲ್ಲುತ್ತದೆ, ಸಮವಾದರೆ ಕೊನೆಗೆ ಉಳಿಸಿದ್ದು ಗೆಲ್ಲುತ್ತದೆ. ಸೋತದ್ದನ್ನು ಎಸೆಯದೆ ಸಂಘರ್ಷದ ಪ್ರತಿ ಎಂದು ಗುರುತಿಸಿ ಗೆದ್ದ ದಾಖಲೆಯ ಕೆಳಗೆ ಇಡಲಾಗುತ್ತದೆ. ಯಾವುದನ್ನು ಉಳಿಸಬೇಕು ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಡದಿರುವುದು ಈ ವಿನ್ಯಾಸದ ಜಾಣತನಗಳಲ್ಲಿ ಒಂದು.

ಸೇರಿಸುವುದು, ತಿದ್ದುವುದು ಸುಲಭ, ಕಷ್ಟವಿರುವುದು ಅಳಿಸುವುದರಲ್ಲಿ. ಒಂದು ಸರ್ವರಿನಲ್ಲಿ ದಾಖಲೆಯನ್ನು ಅಳಿಸಿ ಅದರ ಕುರುಹನ್ನೂ ತೆಗೆದುಬಿಟ್ಟರೆ, ಮುಂದಿನ ಸಲ ಇನ್ನೊಂದು ಸರ್ವರಿನೊಡನೆ ತಾಳೆ ನೋಡುವಾಗ ಅಲ್ಲಿರುವ ದಾಖಲೆ ಹೊಸದೆಂದು ತೋರಿ ಮತ್ತೆ ಇಲ್ಲಿಗೆ ಬರುತ್ತದೆ. ಅದಕ್ಕಾಗಿ ಡಾಮಿನೊ ದಾಖಲೆಯ ವಿಷಯವನ್ನು ತೆಗೆದು, ಇಂಥ ಸಂಖ್ಯೆಯ ದಾಖಲೆ ಇಂಥ ದಿನ ಅಳಿಸಲ್ಪಟ್ಟಿತು ಎಂದು ಹೇಳುವ ಪುಟ್ಟ ಗುರುತೊಂದನ್ನು ಉಳಿಸಿಕೊಳ್ಳುತ್ತದೆ. ನಿರ್ವಾಹಕರ ಮಾತಿನಲ್ಲಿ ಅದು ಡಿಲೀಶನ್ ಸ್ಟಬ್. ತೀರಿಕೊಂಡವರ ಹೆಸರನ್ನು ಮತದಾರರ ಪಟ್ಟಿಯಿಂದ ಬರಿದೆ ಅಳಿಸದೆ, ತೀರಿಕೊಂಡಿದ್ದಾರೆ ಎಂಬ ಷರಾ ಬರೆದಿಟ್ಟರಷ್ಟೇ ಹಳೆಯ ಪಟ್ಟಿಯೊಂದಿಗೆ ತಾಳೆ ಹಾಕಿದಾಗ ಅವರು ಮತ್ತೆ ಮತದಾರರಾಗಿ ಎದ್ದು ಬರುವುದಿಲ್ಲ. ಸ್ಟಬ್ ಮಾಡುವ ಕೆಲಸವೂ ಆ ಷರಾದ್ದೇ.

ಆದರೆ ಷರಾಗಳನ್ನು ಎಂದೆಂದಿಗೂ ಇಟ್ಟುಕೊಂಡರೆ ಡೇಟಾಬೇಸ್ ಅವುಗಳಿಂದಲೇ ತುಂಬುತ್ತದೆ. ಹಾಗಾಗಿ ಪ್ರತಿ ಡೇಟಾಬೇಸಿಗೂ ಒಂದು ಶುದ್ಧೀಕರಣ ಅವಧಿ ಇರುತ್ತದೆ. ಬದಲಿಸದಿದ್ದರೆ ಅದು 90 ದಿನ. ಅವಧಿಯ ಮೂರನೆಯ ಒಂದು ಭಾಗಕ್ಕೊಮ್ಮೆ, ಎಂದರೆ 30 ದಿನಕ್ಕೊಮ್ಮೆ, ಸರ್ವರ್ ಪರಿಶೀಲಿಸಿ 90 ದಿನ ಮೀರಿದ ಸ್ಟಬ್‌ಗಳನ್ನು ತೆಗೆಯುತ್ತದೆ. ಇಲ್ಲಿ ಅಡಗಿರುವ ಷರತ್ತೆಂದರೆ ಆ 90 ದಿನಗಳೊಳಗೆ ಎಲ್ಲ ಪ್ರತಿಗಳೂ ಒಮ್ಮೆಯಾದರೂ ಪರಸ್ಪರ ತಾಳೆ ನೋಡಿಕೊಂಡಿರಬೇಕು. ದೀರ್ಘ ರಜೆಯಿಂದ ಮರಳಿದವರ ಲ್ಯಾಪ್‌ಟಾಪ್, ಕಪಾಟಿನಲ್ಲಿಟ್ಟು ಮರೆತ ಪರೀಕ್ಷಾ ಸರ್ವರ್, ಹಳೆಯ ಬ್ಯಾಕಪ್‌ನಿಂದ ತಂದು ಅದೇ ಗುರುತಿನಲ್ಲಿ ತೆರೆದ ಪ್ರತಿ, ಇವುಗಳಲ್ಲಿ ಯಾವುದೊಂದು ಆ ಅವಧಿ ಮೀರಿ ಹೊರಗಿದ್ದು ಮರಳಿ ಜಾಲಕ್ಕೆ ಸೇರಿದರೂ ತಿಂಗಳುಗಳ ಹಿಂದೆ ಅಳಿಸಿದ ಸಾವಿರಾರು ದಾಖಲೆಗಳು ಒಂದೇ ರಾತ್ರಿಯಲ್ಲಿ ಎಲ್ಲ ಸರ್ವರುಗಳಿಗೂ ಹರಡುತ್ತವೆ. ಡೈರೆಕ್ಟರಿಯಲ್ಲಿಯೇ ಹೀಗಾದರೆ ಕೆಲಸ ಬಿಟ್ಟವರು ಮತ್ತೆ ಸಿಬ್ಬಂದಿಯ ಪಟ್ಟಿಯಲ್ಲಿ ಕಾಣಿಸುತ್ತಾರೆ. ಅದು ಮುಜುಗರದ ವಿಷಯವಷ್ಟೇ ಆಗಿರದೆ ಭದ್ರತೆಯ ಲೋಪವೂ ಆಗಬಹುದು. 8.5.3ನೆಯ ಆವೃತ್ತಿಯಿಂದ, ಶುದ್ಧೀಕರಣದ ಗಡಿಗಿಂತ ಹಳೆಯದಾದ ದಾಖಲೆಗಳು ಹೀಗೆ ಒಳಬರುವುದನ್ನೇ ತಡೆಯುವ ಆಯ್ಕೆಯನ್ನು ಒದಗಿಸಲಾಗಿದೆ. ಆದರೂ ಹೊರಗಿನ ಪ್ರತಿಗಳ ಲೆಕ್ಕವಿಡುವ ಹೊಣೆ ನಿರ್ವಾಹಕರಿಗೆ ತಪ್ಪಿಲ್ಲ.

ಗರಿಷ್ಠ ಆರು ಸರ್ವರುಗಳನ್ನು ಕೂಡಿಸಿ ಕ್ಲಸ್ಟರ್ ಕಟ್ಟಿದರೆ ರೆಪ್ಲಿಕೇಶನ್ ವೇಳಾಪಟ್ಟಿಗೆ ಕಾಯದೆ ಬದಲಾವಣೆಯಾದ ಕೂಡಲೇ ನಡೆಯುತ್ತದೆ, ಒಂದು ಸರ್ವರ್ ನಿಂತರೆ ಬಳಕೆದಾರರು ಇನ್ನೊಂದಕ್ಕೆ ತಾವಾಗಿ ಹೊರಳುತ್ತಾರೆ. ಕ್ಲಸ್ಟರ್ ಇದೆಯೆಂದು ಬ್ಯಾಕಪ್ ಬಿಡುವುದು ಮಾತ್ರ ಅವಿವೇಕ. ತಪ್ಪಾಗಿ ಅಳಿಸಿದ್ದೂ ಅಷ್ಟೇ ವೇಗವಾಗಿ ಎಲ್ಲೆಡೆ ಅಳಿಸಿಹೋಗುತ್ತದೆ.

ಬಳಕೆದಾರರು ಮತ್ತು ಗುರುತಿನ ಕಡತ

ಹೊಸಬರನ್ನು ನೋಂದಾಯಿಸುವಾಗ ಡೈರೆಕ್ಟರಿಯಲ್ಲಿ ಒಂದು ದಾಖಲೆ, ಅಂಚೆಗೊಂದು ಡೇಟಾಬೇಸ್, ಜೊತೆಗೆ ಐಡಿ ಕಡತ ಎಂಬ ಮೂರನೆಯದೂ ಸೃಷ್ಟಿಯಾಗುತ್ತದೆ. ವ್ಯಕ್ತಿಯ ಗುಪ್ತ ಕೀಲಿ ಮತ್ತು ಸಂಸ್ಥೆ ಸಹಿ ಹಾಕಿಕೊಟ್ಟ ಪ್ರಮಾಣಪತ್ರ ಈ ಕಡತದಲ್ಲಿರುತ್ತವೆ. ಪಾಸ್‌ವರ್ಡ್ ತೆರೆಯುವುದು ಈ ಕಡತವನ್ನು, ಸರ್ವರಿನಲ್ಲಿರುವ ಖಾತೆಯನ್ನಲ್ಲ. ಪಾಸ್‌ವರ್ಡ್ ಮರೆತುಹೋಯಿತೆಂದು ಕರೆ ಬಂದಾಗ ಸರ್ವರಿನಲ್ಲಿ ಒಂದು ಗುಂಡಿ ಒತ್ತಿ ಬದಲಿಸಲಾಗದ ಈ ಸ್ಥಿತಿ ದಶಕಗಳ ಕಾಲ ನಿರ್ವಾಹಕರನ್ನು ಕಾಡಿತು. 8.5ನೆಯ ಆವೃತ್ತಿಯಲ್ಲಿ ಬಂದ ಐಡಿ ವಾಲ್ಟ್ ಎಂಬ ಭದ್ರಕೋಶ ಎಲ್ಲರ ಐಡಿ ಕಡತಗಳ ಪ್ರತಿಯನ್ನು ಸರ್ವರಿನಲ್ಲಿ ಕಾಪಿಟ್ಟು ಆ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿತು. ಬಳಕೆದಾರರ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 2 ವರ್ಷದ ಆಯಸ್ಸು, ಸರ್ವರುಗಳದ್ದಕ್ಕೆ 100 ವರ್ಷ. ಮುಗಿಯಲಿರುವ ಪ್ರಮಾಣಪತ್ರಗಳ ಪಟ್ಟಿ ನೋಡಿ ನವೀಕರಿಸುವುದು ತಿಂಗಳ ಕೆಲಸಗಳಲ್ಲೊಂದು.

ಹೆಸರು ಬದಲಿಸುವುದು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ ಡಾಮಿನೊದಲ್ಲಿ ಹಲವು ದಿನಗಳ ಪ್ರಕ್ರಿಯೆ. ಮದುವೆಯ ನಂತರವೋ ಬೇರೆ ವಿಭಾಗಕ್ಕೆ ವರ್ಗವಾದಾಗಲೋ ಹೆಸರು ಬದಲಾದರೆ, ಆ ಹೆಸರು ಡೈರೆಕ್ಟರಿಯಲ್ಲಷ್ಟೇ ಅಲ್ಲ, ಗುಂಪುಗಳಲ್ಲಿ, ಪ್ರತಿ ಡೇಟಾಬೇಸಿನ ಪ್ರವೇಶಾಧಿಕಾರದ ಪಟ್ಟಿಯಲ್ಲಿ, ಇಂಥವರು ಮಾತ್ರ ಓದಬಹುದು ಎಂದು ಬರೆದಿರುವ ಬಿಡಿ ದಾಖಲೆಗಳಲ್ಲಿ ಕೂಡ ಬದಲಾಗಬೇಕು. ಈ ಸರಣಿಯನ್ನು ನಡೆಸುವ ಆಡ್ಮಿನ್‌ಪಿ ಎಂಬ ಕಾರ್ಯಕ್ರಮ ತನ್ನ ಪ್ರತಿ ಹೆಜ್ಜೆಯನ್ನೂ ಒಂದು ಡೇಟಾಬೇಸಿನಲ್ಲಿ ದಾಖಲಿಸುತ್ತ ಹೋಗುತ್ತದೆ. ಮೊದಲು ಕೋರಿಕೆ ಡೈರೆಕ್ಟರಿಗೆ ಸೇರುತ್ತದೆ. ಬಳಕೆದಾರರು ಮುಂದಿನ ಸಲ ಸರ್ವರಿಗೆ ಬಂದಾಗ ಅವರ ಐಡಿ ಕಡತ ಹೊಸ ಹೆಸರನ್ನು ಒಪ್ಪುತ್ತದೆ. ಆ ಮೇಲಷ್ಟೇ ಉಳಿದ ಕಡೆ ಬದಲಾವಣೆ ಶುರುವಾಗುತ್ತದೆ. ಬೇರೆ ಹೇಳದಿದ್ದರೆ ಒಪ್ಪಿಗೆಗಾಗಿ 21 ದಿನ ಮಾತ್ರ ಕಾಯಲಾಗುತ್ತದೆ, ಹೆಚ್ಚೆಂದರೆ 60 ದಿನಕ್ಕೆ ವಿಸ್ತರಿಸಬಹುದು. ಹೆರಿಗೆ ರಜೆಯಲ್ಲಿರುವವರ ಹೆಸರನ್ನು ಉತ್ಸಾಹದಿಂದ ಆಗಲೇ ಬದಲಿಸಲು ಹೊರಟರೆ ಅವರು ಮರಳುವ ಹೊತ್ತಿಗೆ ಕೋರಿಕೆ ಸತ್ತಿರುತ್ತದೆ. ಇನ್ನೊಂದು ಎಡವುವ ಜಾಗವೆಂದರೆ, ಯಾವ ಸರ್ವರ್ ಈ ಬದಲಾವಣೆಗಳನ್ನು ಮಾಡಬೇಕು ಎಂದು ಪ್ರತಿ ಡೇಟಾಬೇಸಿನಲ್ಲಿಯೂ ಹೆಸರಿಸಿರಬೇಕು. ಹೆಸರಿಸದ ಡೇಟಾಬೇಸುಗಳಲ್ಲಿ ಹಳೆಯ ಹೆಸರೇ ಉಳಿದು, ವ್ಯಕ್ತಿಗೆ ತಾನೇ ಬರೆದ ದಾಖಲೆ ಕಾಣದಂತಾಗುತ್ತದೆ.

ಕೆಲಸ ಬಿಟ್ಟವರ ಐಡಿ ಕಡತದ ಪ್ರತಿ ಅವರ ಬಳಿ ಉಳಿದಿರಬಹುದಾದ್ದರಿಂದ, ಡೈರೆಕ್ಟರಿಯಿಂದ ದಾಖಲೆ ತೆಗೆದರೆ ಸಾಲದು. ಪ್ರವೇಶ ನಿಷೇಧದ ಗುಂಪಿಗೂ ಹೆಸರು ಸೇರಿಸುವುದು ರೂಢಿ. ಮ್ಯಾನೇಜರ್‌ನಿಂದ ಹಿಡಿದು ಪ್ರವೇಶವೇ ಇಲ್ಲದವರವರೆಗೆ ಡೇಟಾಬೇಸ್ ಪ್ರವೇಶದಲ್ಲಿ ಏಳು ಹಂತಗಳಿವೆ.

ಅಂಚೆ ಮತ್ತು ಲಗತ್ತುಗಳು

ಪತ್ರಗಳನ್ನು ಸಾಗಿಸುವ ರೌಟರ್ ಎಂಬ ಕಾರ್ಯಕ್ರಮ ಅವುಗಳನ್ನು ಮೇಲ್ ಡಾಟ್ ಬಾಕ್ಸ್ ಎಂಬ ಡೇಟಾಬೇಸಿನಲ್ಲಿಟ್ಟುಕೊಂಡು ಕಳಿಸುತ್ತದೆ. ವಿಳಾಸದಾರರಿಗೂ ತಲುಪದೆ, ಕಳಿಸಿದವರಿಗೆ ಮರಳಿಸಲೂ ಆಗದೆ ಉಳಿದವು ಸತ್ತ ಪತ್ರಗಳೆನಿಸಿ ಅಲ್ಲಿಯೇ ಕೊಳೆಯುತ್ತವೆ. ಬೆಳಗ್ಗೆ ಬಂದೊಡನೆ ಅವುಗಳ ಸಂಖ್ಯೆ ನೋಡುವುದು ನಿರ್ವಾಹಕರ ಅಭ್ಯಾಸ. ಒಮ್ಮೆಗೇ ಏರಿದ ಸಂಖ್ಯೆ ಹೆಚ್ಚಾಗಿ ಹೊರಗಿನ ಕಾರಣವನ್ನೇ ತೋರುತ್ತದೆ: ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ, ಇಲ್ಲವೇ ಯಾವುದೋ ವಿಳಾಸಕ್ಕೆ ಕಸದ ಅಂಚೆಯ ಮಳೆಯಾಗಿದೆ.

ಲಗತ್ತುಗಳ ವಿಷಯ ಹೆಚ್ಚು ಸೂಕ್ಷ್ಮ. ಒಂದೇ ಸುತ್ತೋಲೆಯ ಲಗತ್ತು ಐನೂರು ಜನರ ಅಂಚೆ ಡೇಟಾಬೇಸಿನಲ್ಲಿ ಐನೂರು ಸಲ ಕೂರುವುದನ್ನು ತಪ್ಪಿಸಲು 8.5ನೆಯ ಆವೃತ್ತಿಯಲ್ಲಿ ಡಾವೋಸ್ ಎಂಬ ವ್ಯವಸ್ಥೆ ಬಂದಿತು. ಅದರಲ್ಲಿ ಲಗತ್ತನ್ನು ಡೇಟಾಬೇಸಿನ ಹೊರಗೆ ಒಂದೇ ಕಡತವಾಗಿ ಇಟ್ಟು, ಪತ್ರಗಳಲ್ಲಿ ಅದರ ಉಲ್ಲೇಖ ಮಾತ್ರ ಉಳಿಸಲಾಗುತ್ತದೆ. ಕೊನೆಯ ಉಲ್ಲೇಖವೂ ಅಳಿದ ಬಳಿಕ ಆ ಕಡತ ತಕ್ಷಣ ಹೋಗುವುದಿಲ್ಲ, ಮೊದಲೇ ನಿಗದಿಯಾದ 30 ದಿನ ಕಾದು ಹೋಗುತ್ತದೆ. ಈ ಕಾಯುವಿಕೆ ಬ್ಯಾಕಪ್‌ನ ಆಯಸ್ಸಿಗಿಂತ ಉದ್ದವಾಗಿರಬೇಕು. 60 ದಿನ ಹಿಂದಿನ ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ತಂದರೆ ಪತ್ರ ಬರುತ್ತದೆ. ಅದರ ಲಗತ್ತು 30 ದಿನಕ್ಕೇ ಅಳಿಸಿಹೋಗಿದ್ದರೆ ಅದನ್ನು ಬೇರೆ ಬ್ಯಾಕಪ್‌ನಿಂದ ಹುಡುಕಿ ತರಬೇಕು. ಬ್ಯಾಕಪ್ ತೆಗೆಯುವಾಗಲೂ ಮೊದಲು ಡೇಟಾಬೇಸುಗಳು, ನಂತರ ಲಗತ್ತಿನ ಕಡತಗಳು. ಕ್ರಮ ತಿರುಗಿದರೆ ನಡುವೆ ಬಂದ ಪತ್ರಗಳಿಗೆ ಲಗತ್ತಿಲ್ಲದಂತಾಗುತ್ತದೆ. ಬೇಡವೆಂದು ಹೇಳದ ಹೊರತು ಈ ಕಡತಗಳನ್ನು ಸರ್ವರಿನ ಕೀಲಿಯಿಂದಲೇ ಗೂಢಲಿಪಿಗೆ ತಿರುಗಿಸಿ ಇಡುವುದರಿಂದ ಸರ್ವರಿನ ಐಡಿ ಕಡತ ಕಳೆದರೆ ಲಗತ್ತುಗಳೆಲ್ಲ ಕಳೆದಂತೆಯೇ. ಅಷ್ಟು ಪುಟ್ಟ ಕಡತವನ್ನು ಪ್ರತ್ಯೇಕವಾಗಿ, ಬೇರೆ ಕಟ್ಟಡದಲ್ಲಿ ಇಡುವ ಪದ್ಧತಿಗೆ ಇದೇ ಕಾರಣ.

ನಿಗಾ ಮತ್ತು ಆವೃತ್ತಿ ಏರಿಕೆ

ಸರ್ವರಿನ ಲಾಗ್ ಡೇಟಾಬೇಸ್ ಸಾಮಾನ್ಯವಾಗಿ 7 ದಿನಗಳ ದಾಖಲೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ತಿಂಗಳ ಹಿಂದಿನ ಘಟನೆಯ ತನಿಖೆ ಬಂದಾಗ ಇದು ಸಾಲದೆಂದು ತಿಳಿದವರು ಮೊದಲೇ ಅವಧಿಯನ್ನು ಹೆಚ್ಚಿಸಿರುತ್ತಾರೆ. 2005ರ 7ನೆಯ ಆವೃತ್ತಿಯಲ್ಲಿ ಬಂದ ಡಿಡಿಎಂ ಎಂಬ ನಿಗಾ ಸಾಧನ ಎಲ್ಲ ಸರ್ವರುಗಳ ಎಚ್ಚರಿಕೆಗಳನ್ನು ಒಂದೆಡೆ ತಂದು, ಸರಿಹೋದವನ್ನು ತಾನೇ ಮುಚ್ಚುತ್ತದೆ. ಸರ್ವರ್ ಕುಸಿದಾಗ ಎನ್‌ಎಸ್‌ಡಿ ಎಂಬ ಸಾಧನ ಆ ಕ್ಷಣದ ಸ್ಥಿತಿಯನ್ನು ದೊಡ್ಡ ಪಠ್ಯ ಕಡತವಾಗಿ ಬರೆದಿಡುತ್ತದೆ. ದಿನದ ಮಾತಿಗೆ ಕನ್ಸೋಲಿನ ಶೋ ಸರ್ವರ್, ಶೋ ಟಾಸ್ಕ್ಸ್‌ನಂಥ ನಾಲ್ಕಾರು ಆದೇಶಗಳು ಸಾಕಾಗುತ್ತವೆ.

ನಿಗಾ ಹಿಡಿಯಲಾರದ ದೋಷಗಳೂ ಇವೆ. 2024ರ ಡಿಸೆಂಬರ್ 13ರ ಬಳಿಕ ಮರುಪ್ರಾರಂಭಿಸಿದ ಡಾಮಿನೊ ಸರ್ವರುಗಳಲ್ಲಿ ದಿನಾಂಕಕ್ಕೆ ಸಂಬಂಧಿಸಿದ ದೋಷವೊಂದರಿಂದ ಅಂಚೆ ರವಾನೆ ನಿಂತಿತು. ಎಚ್‌ಸಿಎಲ್ ತುರ್ತಾಗಿ ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು. ಮರುಪ್ರಾರಂಭ ಮಾಡದೆ ಓಡುತ್ತಿದ್ದ ಸರ್ವರುಗಳು ಕೆಲಸ ಮಾಡುತ್ತಲೇ ಇದ್ದವು. ವಾರಕ್ಕೊಮ್ಮೆ ಮರುಪ್ರಾರಂಭ ಮಾಡಬೇಕೆ, ತಿಂಗಳುಗಟ್ಟಲೆ ಬಿಡಬೇಕೆ ಎಂಬ ಹಳೆಯ ವಾದಕ್ಕೆ ಇದರಿಂದ ಎರಡೂ ಪಕ್ಷಗಳಿಗೆ ಒಂದೊಂದು ಸಾಕ್ಷ್ಯ ಸಿಕ್ಕಿತೆನ್ನಬೇಕು.

ಆವೃತ್ತಿ ಏರಿಸುವಾಗ ಸರ್ವರುಗಳನ್ನು ಒಂದೊಂದಾಗಿ ಏರಿಸಬಹುದು, ಹಳೆಯದೂ ಹೊಸದೂ ಕೆಲಕಾಲ ಕೂಡಿ ನಡೆಯುತ್ತವೆ. ತಂತ್ರಾಂಶ ಹೊಸದಾದರೂ ಕಡತಗಳ ಒಳರಚನೆ ತಾನಾಗಿ ಬದಲಾಗುವುದಿಲ್ಲ. 10ನೆಯ ಆವೃತ್ತಿಯಲ್ಲಿ ಡೇಟಾಬೇಸಿನ ಗರಿಷ್ಠ ಗಾತ್ರ 64 ಗಿಗಾಬೈಟಿನಿಂದ 256ಕ್ಕೆ ಏರಿತಾದರೂ, ಹೊಸ ಪ್ರತಿ ಕಟ್ಟುವ ಬಗೆಯ ಕಾಂಪ್ಯಾಕ್ಟ್ ನಡೆಸಿ ಒಳರಚನೆಯನ್ನು ಪರಿವರ್ತಿಸದ ಡೇಟಾಬೇಸಿಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ. ಬ್ಯಾಕಪ್‌ಗಾಗಿ ಬೇರೆ ಕಂಪನಿಗಳ ತಂತ್ರಾಂಶವನ್ನು ನೆಚ್ಚಬೇಕಾಗಿದ್ದ ಸ್ಥಿತಿಯನ್ನು 2021ರ 12ನೆಯ ಆವೃತ್ತಿ ತನ್ನದೇ ಬ್ಯಾಕಪ್ ಸೌಲಭ್ಯದಿಂದ ಬದಲಿಸಿತು.

ಸರ್ವರೊಂದನ್ನು ಸೇವೆಯಿಂದ ತೆಗೆಯುವಾಗ ಅದರ ಹೊಣೆಗಳು ಯಾವ ಸರ್ವರಿಗೆ ಹೋಗಬೇಕೆಂದು ಹೋಲಿಸಿ ತೋರಿಸುವ ಸಾಧನವೂ ನಿರ್ವಾಹಕರ ತಂತ್ರಾಂಶದಲ್ಲಿದೆ. ಸಂಸ್ಥೆಯು ಡಾಮಿನೊವನ್ನೇ ಬಿಟ್ಟು ಬೇರೆ ವ್ಯವಸ್ಥೆಗೆ ಹೋಗುವಾಗ ಮಾತ್ರ ಒಂದು ಕೆಲಸ ಹೆಚ್ಚಾಗಿ ಮರೆತುಹೋಗುತ್ತದೆ. ಗೂಢಲಿಪಿಯಲ್ಲಿ ಕಳಿಸಿದ ಪತ್ರಗಳನ್ನು ವಿಳಾಸದಾರರ ಗುಪ್ತ ಕೀಲಿಯಿಲ್ಲದೆ ಯಾರೂ ತೆರೆಯಲಾರರು. ಆದ್ದರಿಂದ ಐಡಿ ವಾಲ್ಟನ್ನೂ ಅದನ್ನು ತೆರೆಯುವ ಪಾಸ್‌ವರ್ಡುಗಳನ್ನೂ, ಲೆಕ್ಕಪರಿಶೋಧನೆ ಅಥವಾ ನ್ಯಾಯಾಲಯದ ಪ್ರಕರಣಗಳಿಗಾಗಿ ಆ ಪತ್ರಗಳನ್ನು ಎಷ್ಟು ವರ್ಷ ಇಡಬೇಕಾಗುತ್ತದೆಯೋ ಅಷ್ಟು ವರ್ಷ ಇಟ್ಟುಕೊಳ್ಳಬೇಕಾಗುತ್ತದೆ.